ಹದಿನಾರರ ಹುಡುಗನನ್ನು ಸ್ಪೇನಿನ ಫುಟ್‌ಬಾಲ್ ಅಕಾಡೆಮಿಗೆ ಕಳಿಸಬೇಕೇ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಬೆಂಗಳೂರಿನ ಕ್ಲಬ್ಬೊಂದರ ಯೂತ್ ತಂಡದಲ್ಲಿ ಬಲಬದಿಯ ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡುವ ಆಟಗಾರ). ಸ್ಪೇನಿನ ಖಾಸಗಿ ಅಕಾಡೆಮಿಯ ಪರವಾಗಿ ಏಜೆಂಟರೊಬ್ಬರು ನಮ್ಮನ್ನು ಸಂಪರ್ಕಿಸಿದ್ದಾರೆ. ಒಂದು ವರ್ಷದ ಶುಲ್ಕ ಕಟ್ಟಿದರೆ ತರಬೇತಿ, ವಸತಿ, ಆಮೇಲೆ ಕ್ಲಬ್ಬುಗಳ ಟ್ರಯಲ್ಸ್ ಎಲ್ಲವೂ ತಮ್ಮ ಜವಾಬ್ದಾರಿ ಎನ್ನುತ್ತಾರೆ. ಜಪಾನಿನ ಕುಬೊ ಹತ್ತನೇ ವಯಸ್ಸಿಗೇ ಬಾರ್ಸಿಲೋನಾಗೆ ಹೋಗಿದ್ದರಿಂದ ಇವತ್ತು ಆ ಮಟ್ಟದಲ್ಲಿದ್ದಾರೆ, ತಡಮಾಡಬೇಡಿ ಎಂಬುದು ಅವರ ಮಾತು. ಊರಿನ ಸೈಟು ಮಾರಿ ಕಳಿಸುವುದೇ?

ಉತ್ತರ: ಸೈಟು ಮಾರಬೇಡಿ. ಮಗ ಹೊರದೇಶದಲ್ಲಿ ಆಡಲೇಬಾರದು ಎಂದಲ್ಲ. ಈ ವಯಸ್ಸಿನಲ್ಲಿ, ಈ ದಾರಿಯಲ್ಲಿ, ಕೈಯಿಂದ ದುಡ್ಡು ಹಾಕಿ ಹೋಗುವುದು ಬೇಡ. ಏಜೆಂಟರು ಕುಬೊ ಅವರ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. ಬಾರ್ಸಿಲೋನಾ ಸೇರಿದ ಮೇಲಿನ ಅವರ ಹತ್ತು-ಹನ್ನೊಂದು ವರ್ಷಗಳನ್ನು ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ಬೇಕಾದ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ. ಅದು ಏಜೆಂಟರು ಹೇಳಿದ ಉತ್ತರವಲ್ಲ.

ತಕೆಫುಸ ಕುಬೊ ಹುಟ್ಟಿದ್ದು 2001ರ ಜೂನ್ 4ರಂದು. 2011ರಲ್ಲಿ ಬಾರ್ಸಿಲೋನಾ ಕ್ಲಬ್ಬಿನ ಯೂತ್ ಅಕಾಡೆಮಿ ಲಾ ಮಾಸಿಯಾಗೆ ಸೇರಿದ್ದು ನಿಜ. ಆದರೆ 18 ತುಂಬದ ವಿದೇಶಿ ಹುಡುಗರನ್ನು ನಿಯಮ ಮೀರಿ ನೋಂದಾಯಿಸಿದ್ದಕ್ಕೆ ಫಿಫಾ 2014ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾ ಮೇಲೆ ಎರಡು ವರ್ಗಾವಣೆ ಅವಧಿಗಳ (ಹೊಸ ಆಟಗಾರರನ್ನು ಸೇರಿಸಿಕೊಳ್ಳಲು ಅವಕಾಶವಿರುವ ಕಾಲ) ನಿಷೇಧ ಹೇರಿತು. ಅಂಥ ಹುಡುಗರು ಅಧಿಕೃತ ಪಂದ್ಯ ಆಡುವಂತಿರಲಿಲ್ಲ. ಕುಬೊ ಕುಟುಂಬ ಕಾಯುತ್ತಾ ಕೂರಲಿಲ್ಲ. 2015ರ ಮಾರ್ಚ್‌ನಲ್ಲಿ, 13ನೇ ವಯಸ್ಸಿನಲ್ಲಿ, ಹುಡುಗ ಜಪಾನಿಗೆ ವಾಪಸಾಗಿ ಎಫ್‌ಸಿ ಟೋಕಿಯೊದ ಯೂತ್ ತಂಡ ಸೇರಿದ. ಅದೇ ಬಾರ್ಸಿಲೋನಾ ಅಕಾಡೆಮಿಯ ಇನ್ನೊಬ್ಬ ಪ್ರತಿಭಾವಂತ, ಕೊರಿಯಾದ ಲೀ ಸುಂಗ್-ವೂ, ಕ್ಲಬ್ ಬಿಡಲಿಲ್ಲ. ಅವರಿಗೆ 18 ತುಂಬಿದ್ದು 2016ರ ಜನವರಿಯಲ್ಲಿ. ಅಷ್ಟರವರೆಗೆ, ಆಟಗಾರ ಅತಿ ಹೆಚ್ಚು ಕಲಿಯುವ 15ರಿಂದ 18ರ ವಯಸ್ಸಿನಲ್ಲಿ, ಅವರಿಗೆ ಅಧಿಕೃತ ಪಂದ್ಯಗಳೇ ಇರಲಿಲ್ಲ. ಬಾರ್ಸಿಲೋನಾದ ಮುಖ್ಯ ತಂಡದಲ್ಲಿ ಅವರು ಲೀಗ್ ಪಂದ್ಯ ಆಡಲಿಲ್ಲ. 2017ರಲ್ಲಿ ಇಟಲಿಯ ಹೆಲ್ಲಾಸ್ ವೆರೋನಾಗೆ ಹೋದರು.

ಇತ್ತ ಟೋಕಿಯೊದಲ್ಲಿ ಕುಬೊಗೆ ಪಂದ್ಯಗಳ ಸುರಿಮಳೆ. ಆಗ ಎಫ್‌ಸಿ ಟೋಕಿಯೊ ತನ್ನ 23 ವರ್ಷದೊಳಗಿನವರ ತಂಡವನ್ನು ಜಪಾನಿನ ಮೂರನೇ ಹಂತದ ಲೀಗ್ ಆದ ಜೆ3ರಲ್ಲಿ ಆಡಿಸುತ್ತಿತ್ತು. 2016ರ ನವೆಂಬರ್‌ನಲ್ಲಿ, 15 ವರ್ಷ 5 ತಿಂಗಳಿನಲ್ಲಿ, ಕುಬೊ ಅಲ್ಲಿ ಗಂಡಸರ ಎದುರು ಕಣಕ್ಕಿಳಿದರು. 2017ರ ನವೆಂಬರ್‌ನಲ್ಲಿ ವೃತ್ತಿಪರ ಕರಾರು. 2018ರಲ್ಲಿ ಮುಖ್ಯ ತಂಡದಲ್ಲಿ ಅವಕಾಶ ಕಡಿಮೆಯಾಯಿತು; ಕೋಚ್ ಕೆಂಟಾ ಹಸೆಗಾವಾ ಅವರ ಆಟಕ್ಕೆ ಬೇಕಾದ ಓಟ, ಚೆಂಡು ಕಸಿಯುವ ಕೆಲಸ, ದೇಹಬಲ ಕುಬೊಗೆ ಇನ್ನೂ ಬಂದಿರಲಿಲ್ಲ. ಆಗಸ್ಟ್‌ನಲ್ಲಿ ಯೋಕೊಹಾಮಾ ಎಫ್. ಮರಿನೋಸ್‌ಗೆ ಲೋನ್ ಮೇಲೆ (ಮೂಲ ಕ್ಲಬ್ಬಿನ ಆಟಗಾರನಾಗಿದ್ದುಕೊಂಡೇ ತಾತ್ಕಾಲಿಕವಾಗಿ) ಹೋಗಿ, ಮೊದಲ ಪಂದ್ಯದಲ್ಲೇ ವಿಸ್ಸೆಲ್ ಕೋಬೆ ವಿರುದ್ಧ ಗೋಲು ಹೊಡೆದರು. 2019ರಲ್ಲಿ ಟೋಕಿಯೊಗೆ ಮರಳಿದಾಗ ಅದೇ ಕೋಚ್ ಅವರನ್ನು ಮೊದಲ ಹನ್ನೊಂದರಲ್ಲಿ ಇಳಿಸಿದರು: 13 ಲೀಗ್ ಪಂದ್ಯ, 4 ಗೋಲು, ತಂಡ ಅಂಕಪಟ್ಟಿಯ ಮೇಲ್ತುದಿಯಲ್ಲಿ. ಜೂನ್ 4ಕ್ಕೆ 18 ತುಂಬಿತು. ಜೂನ್ 14ಕ್ಕೆ ರಿಯಲ್ ಮ್ಯಾಡ್ರಿಡ್ ಅವರನ್ನು ಸೇರಿಸಿಕೊಂಡ ಸುದ್ದಿ ಪ್ರಕಟಿಸಿತು.

ಈ ಹತ್ತು ದಿನಗಳ ಅಂತರ ಆಕಸ್ಮಿಕವಲ್ಲ. ಫಿಫಾದ ಆಟಗಾರರ ಸ್ಥಾನಮಾನ ಮತ್ತು ವರ್ಗಾವಣೆ ನಿಯಮಾವಳಿಯ 19ನೇ ವಿಧಿಯ ಪ್ರಕಾರ ಅಂತರರಾಷ್ಟ್ರೀಯ ವರ್ಗಾವಣೆ 18 ತುಂಬಿದವರಿಗೆ ಮಾತ್ರ. ವಿನಾಯಿತಿಗಳು ಬೆರಳೆಣಿಕೆಯಷ್ಟು. ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿ ಆ ದೇಶಕ್ಕೆ ವಾಸ ಬದಲಿಸಿದ್ದರೆ ಒಂದು. ಐರೋಪ್ಯ ಒಕ್ಕೂಟದ ಒಳಗಿನ ವರ್ಗಾವಣೆಗೆ 16 ಸಾಕು, ಅದು ಭಾರತದಿಂದ ಹೋಗುವ ನಿಮ್ಮ ಮಗನಿಗೆ ಅನ್ವಯಿಸದು. ಗಡಿಯಿಂದ 50 ಕಿ.ಮೀ. ಒಳಗಿನವರಿಗೆ, ನಿರಾಶ್ರಿತರಾಗಿ ಬಂದವರಿಗೆ ಬೇರೆ ಅವಕಾಶಗಳಿವೆ. ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಹೋದವರು ಹೆಚ್ಚೆಂದರೆ ಒಂದು ವರ್ಷ, ಅದೂ ಶುದ್ಧ ಹವ್ಯಾಸಿ ಕ್ಲಬ್ಬಿನಲ್ಲಿ, ಆಡಬಹುದು. ಆ ದೇಶದಲ್ಲಿ ಸತತ ಐದು ವರ್ಷ ವಾಸವಿದ್ದ ಹುಡುಗನ ಮೊದಲ ನೋಂದಣಿಗೂ ದಾರಿ ಇದೆ. ಮೊದಲನೆಯ ವಿನಾಯಿತಿ ತೋರಿಸಲು ಅಪ್ಪನಿಗೆ ಅಲ್ಲೊಂದು ಕೆಲಸದ ಪತ್ರ ಸೃಷ್ಟಿಸುತ್ತೇವೆ ಎನ್ನುವವರಿದ್ದಾರೆ. ಕೆಲಸ ಮೊದಲು ಬಂತೇ, ಕ್ಲಬ್ ಮೊದಲು ಬಂತೇ ಎಂಬುದನ್ನು ಫಿಫಾ ದಿನಾಂಕ ಹಿಡಿದು ಪರಿಶೀಲಿಸುತ್ತದೆ. 2016ರಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್, 2019ರಲ್ಲಿ ಚೆಲ್ಸಿ ಇದೇ ವಿಷಯದಲ್ಲಿ ಶಿಕ್ಷೆ ಅನುಭವಿಸಿವೆ. ಅಂಥ ದೊಡ್ಡ ಕ್ಲಬ್ಬುಗಳಿಗೇ ದಕ್ಕದ್ದು ಊರಿನ ಪುಟ್ಟ ಕ್ಲಬ್ಬಿಗೆ ದಕ್ಕುವುದಿಲ್ಲ.

ಹಾಗಾದರೆ ಹಣ ಪಡೆಯುವ ಅಕಾಡೆಮಿ ಏನು ಮಾಡುತ್ತದೆ? ಹುಡುಗ ವಿದ್ಯಾರ್ಥಿ ವೀಸಾದಲ್ಲಿ ಹೋಗುತ್ತಾನೆ. ಬೆಳಗ್ಗೆ ಭಾಷೆಯ ತರಗತಿ, ಸಂಜೆ ತರಬೇತಿ. ಮೈದಾನ ಚೆನ್ನಾಗಿರುತ್ತದೆ, ಕೋಚ್‌ಗಳು ಅರ್ಹರೇ ಇರಬಹುದು. ಆದರೆ ಸ್ಪೇನಿನ ಫೆಡರೇಷನ್ನಿನಲ್ಲಿ ನೋಂದಣಿ ಇಲ್ಲದ ಹುಡುಗ ಲೀಗ್ ಆಡಲಾರ. ಅವನ ಪಾಲಿಗೆ ಉಳಿಯುವುದು ಸ್ನೇಹ ಪಂದ್ಯಗಳು. ಬಹುಪಾಲು ಅವನಂತೆಯೇ ಹಣ ಕಟ್ಟಿ ಬಂದ ವಿದೇಶಿ ಹುಡುಗರ ತಂಡಗಳ ಎದುರು. ಅಂಕಪಟ್ಟಿ ಇಲ್ಲ, ಇಳಿಕೆಯ ಭಯ ಇಲ್ಲ, ಮುಂದಿನ ವಾರ ತಂಡದಲ್ಲಿ ಜಾಗ ಉಳಿಸಿಕೊಳ್ಳುವ ಒತ್ತಡವಿಲ್ಲ. ‘ಸ್ಕೌಟ್‌ಗಳು (ಕ್ಲಬ್ಬುಗಳ ಪರವಾಗಿ ಪ್ರತಿಭೆ ಹುಡುಕುವವರು) ನೋಡುತ್ತಾರೆ’ ಎನ್ನುವ ಮಾತು ಸುಳ್ಳಾಗಿರಬೇಕಿಲ್ಲ. ನೋಡಿದ ಸ್ಕೌಟ್ 18 ತುಂಬುವವರೆಗೆ ಏನೂ ಮಾಡಲಾರ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ವರ್ಷ ಕಳೆದು ಬರುವ ಹೊತ್ತಿಗೆ ಬೆಂಗಳೂರಿನ ತಂಡದಲ್ಲಿ ಅವನ ಜಾಗದಲ್ಲಿ ಬೇರೊಬ್ಬ ಆಡುತ್ತಿರುತ್ತಾನೆ. ಸೈಟಿಗಿಂತ ದೊಡ್ಡ ನಷ್ಟ ಇದು.

ಈ ಎರಡು ವರ್ಷ ಅವನಿಗೆ ಬೇಕಿರುವುದು ಕುಬೊಗೆ ಜೆ3ರಲ್ಲಿ ಸಿಕ್ಕಿದ್ದು: ವಯಸ್ಕರ ಎದುರು, ಫಲಿತಾಂಶ ಲೆಕ್ಕಕ್ಕೆ ಬರುವ ಪಂದ್ಯಗಳು. ಬೆಂಗಳೂರಿನಲ್ಲಿ ಅದಕ್ಕೆ ದಾರಿ ಇದೆ. ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಮತ್ತು ಅದರ ಕೆಳಗಿನ ಡಿವಿಷನ್‌ಗಳಲ್ಲಿ 25–30ರ ಅನುಭವಿಗಳು ಆಡುತ್ತಾರೆ. ಬೆಂಗಳೂರು ಎಫ್‌ಸಿಯಂಥ ಕ್ಲಬ್ ಕೂಡ ತನ್ನ ಕಿರಿಯರನ್ನು ಸೂಪರ್ ಡಿವಿಷನ್‌ನಲ್ಲಿ ಇಳಿಸಿದೆ. ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಇನ್ನೊಂದು, ಅಲ್ಲಿ ಎದುರಾಳಿಗಳು ಹೆಚ್ಚಾಗಿ ಕಿರಿಯರೇ. ಈಗಿನ ಕ್ಲಬ್ ಅವನನ್ನು ಯೂತ್ ಪಂದ್ಯಗಳಿಗಷ್ಟೇ ಸೀಮಿತಗೊಳಿಸಿದ್ದರೆ ಮುಂದಿನ ಸೀಸನ್‌ಗೆ ಮೊದಲು ಕೋಚ್ ಜೊತೆ ಕೂತು ಮಾತಾಡಿ: ಸೀನಿಯರ್ ತಂಡದಲ್ಲಿ ಎಷ್ಟು ನಿಮಿಷ ಸಿಗಬಹುದು? ಸಿಗದಿದ್ದರೆ ಸಿಗುವ ಕ್ಲಬ್ಬಿಗೆ ಬಿಡುಗಡೆ ಕೊಡುತ್ತೀರಾ? ಪ್ರತಿ ಪಂದ್ಯದ ನಿಮಿಷ, ಸ್ಥಾನ, ಎದುರಾಳಿಯ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. 18ಕ್ಕೆ ವಿದೇಶಿ ಕ್ಲಬ್ ಕೇಳುವ ಮೊದಲ ಪ್ರಶ್ನೆ ಇದೇ.

ಪಂದ್ಯಗಳನ್ನು ಪೂರ್ತಿ ಚಿತ್ರೀಕರಿಸಿ. ಮೈದಾನದ ನಡುಗೆರೆಯ ನೇರಕ್ಕೆ, ಎತ್ತರದಲ್ಲಿ ಕ್ಯಾಮೆರಾ ಇಟ್ಟರೆ ಹತ್ತು-ಹನ್ನೆರಡು ಆಟಗಾರರಾದರೂ ಚೌಕಟ್ಟಿನೊಳಗೆ ಕಾಣಬೇಕು. ಗೋಲುಗಳನ್ನಷ್ಟೇ ಪೋಣಿಸಿ ಹಾಡು ಸೇರಿಸಿದ ವಿಡಿಯೋ ಯಾರಿಗೂ ಬೇಡ. ನಾಲ್ಕೈದು ನಿಮಿಷದ ತುಣುಕುಗಳು, ಪ್ರತಿ ತುಣುಕಿನ ಆರಂಭದಲ್ಲಿ ಮಗ ಯಾರೆಂದು ತೋರಿಸುವ ಒಂದು ಗುರುತು, ಜೊತೆಗೆ ಎರಡು-ಮೂರು ಪೂರ್ಣ ಪಂದ್ಯ. ವಿಂಗರ್ ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡಿನಲ್ಲಿ ಏನು ಮಾಡುತ್ತಾನೆ, ತನ್ನ ಹಿಂದಿನ ಫುಲ್‌ಬ್ಯಾಕ್‌ಗೆ (ಬದಿಯ ಡಿಫೆಂಡರ್) ನೆರವಾಗಲು ಓಡುತ್ತಾನೆಯೇ ಎಂಬುದನ್ನು ಅವರು ಡ್ರಿಬ್ಲಿಂಗ್‌ಗಿಂತ ಮೊದಲು ನೋಡುತ್ತಾರೆ. ಹಸೆಗಾವಾ ಕುಬೊ ಅವರನ್ನು ಹೊರಗಿಟ್ಟದ್ದೂ ಇದೇ ಕಾರಣಕ್ಕೆ.

ದೇಹದ ವಿಷಯದಲ್ಲಿ ಒಂದೇ ಮಾತು: 65 ಕೆ.ಜಿ. ತೂಕದ ಹುಡುಗನಿಗೆ ದಿನಕ್ಕೆ 105ರಿಂದ 130 ಗ್ರಾಂ ಪ್ರೋಟೀನ್ ಬೇಕು. ಮುದ್ದೆ, ಅನ್ನ, ಸಾರು ಓಡುವ ಶಕ್ತಿ ಕೊಡುತ್ತವೆ, ಪ್ರೋಟೀನ್ ಲೆಕ್ಕ ಅದರಿಂದ ತುಂಬುವುದಿಲ್ಲ. ಮೊಟ್ಟೆ (ಒಂದರಲ್ಲಿ ಸುಮಾರು 6 ಗ್ರಾಂ), ಕೋಳಿ, ಮೀನು, ಸಸ್ಯಾಹಾರಿಗಳಾದರೆ ಸೋಯಾ ಚಂಕ್ಸ್, ಪನೀರ್, ಬೇಳೆ, ಮೊಸರು ಸೇರಿಸಿ ಮೂರೂ ಹೊತ್ತಿಗೆ ಹಂಚಿ. ತಾನೇ ಅಡುಗೆ ಮಾಡಿಕೊಳ್ಳಲು ಈಗಲೇ ಕಲಿಯಲಿ. ಪರಊರಿನಲ್ಲಿ ತೂಕ ಕಳೆದುಕೊಳ್ಳುವ ಹುಡುಗರು ಹೆಚ್ಚಾಗಿ ಅಡುಗೆ ಬಾರದವರು.

ಇನ್ನು 18 ತುಂಬಿದ ಮೇಲಿನ ಮಾತು. ಬಾಗಿಲು ತೆರೆಯುತ್ತದೆ, ಹೊಸ್ತಿಲು ಎತ್ತರದ್ದು. ಸ್ಪೇನಿನ ಅಗ್ರ ಲೀಗ್ ಆದ ಲಾ ಲಿಗಾದಲ್ಲಿ ಒಂದು ತಂಡಕ್ಕೆ ಐರೋಪ್ಯ ಒಕ್ಕೂಟದ ಹೊರಗಿನ ಮೂವರು ಮಾತ್ರ. ಎರಡನೇ ಡಿವಿಷನ್‌ನಲ್ಲಿ ಇಬ್ಬರು. ಬ್ರೆಜಿಲ್, ಅರ್ಜೆಂಟೀನಾದವರಿಗೆ ಎರಡು ವರ್ಷದ ವಾಸಕ್ಕೆ ಸ್ಪೇನಿನ ಪೌರತ್ವ ಕೇಳುವ ಹಕ್ಕಿದೆ, ಆಗ ಅವರ ಜಾಗ ಖಾಲಿಯಾಗುತ್ತದೆ. ಭಾರತೀಯರಿಗೂ ಜಪಾನೀಯರಿಗೂ ಅದು ಹತ್ತು ವರ್ಷ. ಹಾಗಾಗಿ ಕ್ಲಬ್ಬಿನ ಲೆಕ್ಕದಲ್ಲಿ ನಿಮ್ಮ ಮಗ ದೀರ್ಘಕಾಲ ಒಂದು ಜಾಗ ಹಿಡಿದಿಡುವ ಆಟಗಾರ. ರಿಯಲ್ ಮ್ಯಾಡ್ರಿಡ್‌ನಲ್ಲಿ ವಿನೀಸಿಯಸ್, ರೊಡ್ರಿಗೊ, ಮಿಲಿಟಾವ್ ಈ ಜಾಗಗಳಲ್ಲಿದ್ದಾಗ ಕುಬೊ ಹೊರಗೇ ಸುತ್ತಬೇಕಾಯಿತು.

ಇಂಗ್ಲೆಂಡ್ ಇನ್ನೂ ಕಷ್ಟ. 2021ರ ಜನವರಿಯಿಂದ ಅಲ್ಲಿನ ಕ್ಲಬ್ಬುಗಳು 18ರ ಕೆಳಗಿನ ವಿದೇಶಿಯರನ್ನು ತರುವಂತಿಲ್ಲ. ಮೇಲಿನವರಿಗೂ ರಾಷ್ಟ್ರೀಯ ತಂಡದ ರ‍್ಯಾಂಕಿಂಗ್, ಆಡಿದ ಲೀಗ್‌ನ ಮಟ್ಟ, ಆಡಿದ ನಿಮಿಷಗಳ ಮೇಲೆ ಅಂಕ. ಸುನಿಲ್ ಚೆಟ್ರಿ ಅವರಿಗೆ 2009ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮಾತುಕತೆ ಮುಗಿದಿದ್ದರೂ ಭಾರತ ಮೊದಲ 70 ರ‍್ಯಾಂಕ್‌ನೊಳಗೆ ಇಲ್ಲವೆಂದು ಕೆಲಸದ ಪರವಾನಗಿ ಸಿಗಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಮಿತಿ ಇಲ್ಲ, ಆದರೆ ಹೊರಗಿನವರಿಗೆ ಮೊದಲ ಡಿವಿಷನ್ ಸರಾಸರಿ ಸಂಬಳದ ಒಂದೂವರೆ ಪಟ್ಟು ಕೊಡಬೇಕು. 18–19ರವರಿಗೆ ಅದರ ಅರ್ಧ. ಅಂದರೆ 20 ತುಂಬುವುದರೊಳಗೆ ಹೋಗುವುದು ಅಲ್ಲಿ ಸುಲಭ. ಬೆಲ್ಜಿಯಂನಲ್ಲೂ ಕನಿಷ್ಠ ಸಂಬಳದ ನಿಯಮವಿದೆ. ಆದರೂ ಜಪಾನೀ ಕಂಪನಿಯ ಒಡೆತನದ ಸಿಂಟ್-ಟ್ರೈಡನ್ ಕ್ಲಬ್ ಮೂಲಕ ಜಪಾನಿನ ಡಿಫೆಂಡರ್ ತೋಮಿಯಾಸು 19ಕ್ಕೆ ಹೋಗಿ, ಆಡಿ, ಇಟಲಿಯ ಬೊಲೋನ್ಯಾ ದಾಟಿ 2021ರಲ್ಲಿ ಆರ್ಸೆನಲ್ ಸೇರಿದರು. ಪೋರ್ಚುಗಲ್‌ನಲ್ಲಿ ವಿದೇಶಿಯರಿಗೆ ಮಿತಿ ಇಲ್ಲ. ನನ್ನನ್ನು ಕೇಳಿದರೆ 18–19ರ ಭಾರತೀಯ ವಿಂಗರ್ ಸ್ಪೇನಿಗಿಂತ ಮೊದಲು ನೋಡಬೇಕಾದ್ದು ಪೋರ್ಚುಗಲ್‌ನ ಕೆಳಹಂತದ ಲೀಗ್‌ಗಳು ಮತ್ತು ಉತ್ತರ ಯುರೋಪಿನ ಸಣ್ಣ ಲೀಗ್‌ಗಳು.

ಹೆತ್ತವರಿಗೆ ಯಾರೂ ವಿವರಿಸದ ಇನ್ನೊಂದು ಅಡ್ಡಿ, ತರಬೇತಿ ಪರಿಹಾರ. 23 ತುಂಬುವ ವರ್ಷದೊಳಗೆ ಮೊದಲ ವೃತ್ತಿಪರ ಕರಾರು ಹೊರದೇಶದಲ್ಲಾದರೆ, 12ನೇ ವಯಸ್ಸಿನಿಂದ ಅವನನ್ನು ತಿದ್ದಿದ ಕ್ಲಬ್ಬುಗಳಿಗೆ ಹೊಸ ಕ್ಲಬ್ ಹಣ ಕೊಡಬೇಕು. ಯುರೋಪಿನ ಕ್ಲಬ್ಬುಗಳನ್ನು ನಾಲ್ಕು ವರ್ಗ ಮಾಡಿ ವರ್ಷಕ್ಕೆ 90,000, 60,000, 30,000, 10,000 ಯೂರೊ ದರ ನಿಗದಿಯಾಗಿದೆ. 12ರಿಂದ 15ರವರೆಗಿನ ನಾಲ್ಕು ವರ್ಷಕ್ಕೆ ಎಲ್ಲರಿಗೂ ಕೊನೆಯ ದರ. ನಿಮ್ಮ ಮಗ 18ಕ್ಕೆ ಎರಡನೇ ವರ್ಗದ ಕ್ಲಬ್ ಸೇರಿದ ಎಂದುಕೊಳ್ಳಿ: ನಾಲ್ಕು ವರ್ಷಕ್ಕೆ 40,000, ಎರಡು ವರ್ಷಕ್ಕೆ 1,20,000, ಒಟ್ಟು 1,60,000 ಯೂರೊ, ಸುಮಾರು ಒಂದೂವರೆ ಕೋಟಿ ರೂಪಾಯಿ. ಮೂರನೇ ವರ್ಗದ್ದಾದರೆ 1,00,000 ಯೂರೊ. ನಾಲ್ಕನೇ ವರ್ಗದ ಕ್ಲಬ್ ಸೇರಿದರೆ ಏನೂ ಕೊಡಬೇಕಿಲ್ಲ. ಹೆಸರೇ ಕೇಳದ ಹುಡುಗನಿಗೆ ಅಷ್ಟು ತೆರಲು ಹಿಂಜರಿಯುವ ಕ್ಲಬ್ ‘ಟ್ರಯಲ್ಸ್ ಚೆನ್ನಾಗಿತ್ತು, ತಿಳಿಸುತ್ತೇವೆ’ ಎಂದು ಸುಮ್ಮನಾಗುತ್ತದೆ. ಇದನ್ನು ಮುಂಚೆಯೇ ಬಗೆಹರಿಸಬಹುದು. ಬೆಂಗಳೂರಿನ ಕ್ಲಬ್ ಜೊತೆ ಕೂತು, ಪರಿಹಾರ ಪೂರ್ತಿ ಬಿಡುತ್ತದೆಯೇ, ಅದರ ಬದಲು ಮುಂದಿನ ಮಾರಾಟದಲ್ಲಿ ಪಾಲು ಕೇಳುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಬಿಟ್ಟುಕೊಡಿ ಎಂದು ಒತ್ತಾಯಿಸಬೇಡಿ. ಮಗನನ್ನು ಬೆಳೆಸಿದ ಕ್ಲಬ್ಬಿಗೆ ಅದು ನ್ಯಾಯವಾಗಿ ಸಲ್ಲುವ ಹಣ.

ಹೋದ ಮೇಲಿನ ಮೊದಲ ಮೂರು ವರ್ಷ ಹೇಗಿರುತ್ತವೆ? ಮತ್ತೆ ಕುಬೊ. 2019–20ರಲ್ಲಿ ಲೋನ್ ಮೇಲೆ ಮಯೋರ್ಕಾ: 35 ಲೀಗ್ ಪಂದ್ಯ, 4 ಗೋಲು. ತಂಡ ಕೆಳಗಿನ ಡಿವಿಷನ್‌ಗೆ ಇಳಿಯಿತು, ಆದರೆ ಅವರು ಪ್ರತಿ ವಾರ ಲಾ ಲಿಗಾ ಡಿಫೆಂಡರ್‌ಗಳ ಎದುರು ಆಡಿದರು. ಮರುವರ್ಷ ಬಲಿಷ್ಠ ತಂಡ ವಿಯಾರಿಯಾಲ್. ಕೋಚ್ ಉನಾಯ್ ಎಮೆರಿ ಬಳಿ 13 ಲೀಗ್ ಪಂದ್ಯ, ಹೆಚ್ಚಿನವು ಬದಲಿ ಆಟಗಾರನಾಗಿ. 2021ರ ಜನವರಿಯಲ್ಲಿ ಆ ಲೋನ್ ಮುರಿದು ಹೆಟಾಫೆಗೆ ಹೋದರು. ಆ ಸೀಸನ್ ವಿಯಾರಿಯಾಲ್ ಯುರೋಪಾ ಲೀಗ್ ಗೆದ್ದಿತು. ಗೆಲ್ಲುವ ತಂಡದ ಬೆಂಚಿಗಿಂತ ಒದ್ದಾಡುವ ತಂಡದ ಮೈದಾನ 19ರ ಹುಡುಗನಿಗೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. 2021–22ರಲ್ಲಿ ಮತ್ತೆ ಮಯೋರ್ಕಾ, ನಡುವೆ ಮೊಣಕಾಲಿನ ಗಾಯ, ವರ್ಷಕ್ಕೆ ಒಂದೇ ಗೋಲು. 2022ರಲ್ಲಿ ರಿಯಲ್ ಸೊಸಿಯೆದಾದ್‌ಗೆ ಕಾಯಂ ಆಗಿ ಹೋದರು. ಕೋಚ್ ಇಮನೋಲ್ ಅಲ್ಗುವಾಸಿಲ್ ಅವರನ್ನು ಬದಿಗೆರೆಯಿಂದ ಒಳಗೆ ತಂದು ಸೊರ್ಲೊಥ್ ಪಕ್ಕದಲ್ಲಿ ಮುಂದೆ ಆಡಿಸಿದರು. 35 ಪಂದ್ಯ, 9 ಗೋಲು, ತಂಡಕ್ಕೆ ನಾಲ್ಕನೇ ಸ್ಥಾನ. ಮೂರು ವರ್ಷದಲ್ಲಿ ಮೂರು ಕ್ಲಬ್ ತಿರುಗಿದ ಮೇಲೆ ತನ್ನ ಆಟ ಅರ್ಥವಾದ ಕೋಚ್ ಸಿಕ್ಕಿದ್ದು. ಸ್ಪ್ಯಾನಿಷ್ ಬಾಲ್ಯದಲ್ಲೇ ಬಂದಿದ್ದರಿಂದ ಪ್ರತಿ ಹೊಸ ತಂಡದಲ್ಲೂ ಮೊದಲ ದಿನದಿಂದ ಕೋಚ್ ಹೇಳಿದ್ದು ಅವರಿಗೆ ತಿಳಿಯುತ್ತಿತ್ತು. ಬಾರ್ಸಿಲೋನಾ ವರ್ಷಗಳ ನಿಜವಾದ ಗಳಿಕೆಗಳಲ್ಲಿ ಅದೂ ಒಂದು, ಮತ್ತು ಅದನ್ನು ಬೆಂಗಳೂರಿನಲ್ಲೇ ಕೂತು ಕಲಿಯಬಹುದು.

ಲೋನ್ ಒಪ್ಪುವ ಮೊದಲು ಒಂದು ನಿಯಮ ತಿಳಿದಿರಲಿ: ಒಂದು ಸೀಸನ್‌ನಲ್ಲಿ ಮೂರು ಕ್ಲಬ್ಬುಗಳಲ್ಲಿ ನೋಂದಣಿ ಆಗಬಹುದು, ಆದರೆ ಅಧಿಕೃತ ಪಂದ್ಯ ಆಡಬಹುದಾದ್ದು ಎರಡರ ಪರವಾಗಿ ಮಾತ್ರ. ಆಗಸ್ಟ್‌ನಲ್ಲಿ ಮೂಲ ಕ್ಲಬ್ಬಿಗೆ ಹತ್ತು ನಿಮಿಷ ಆಡಿ, ಸೆಪ್ಟೆಂಬರ್‌ನಲ್ಲಿ ಲೋನ್ ಹೋದರೆ, ಜನವರಿಯಲ್ಲಿ ಮೂರನೇ ಕ್ಲಬ್ಬಿನ ಬಾಗಿಲು ಮುಚ್ಚಿರುತ್ತದೆ.

ಕರಾರಿನಲ್ಲಿ ಕಣ್ಣಿಡಬೇಕಾದ್ದು ಕೆಲವು. 18 ತುಂಬದವರ ವೃತ್ತಿಪರ ಕರಾರು ಮೂರು ವರ್ಷ ಮೀರುವಂತಿಲ್ಲ. ‘ವೈದ್ಯಕೀಯ ತಪಾಸಣೆ ಪಾಸಾದರೆ’, ‘ಕೆಲಸದ ಪರವಾನಗಿ ಸಿಕ್ಕರೆ’ ಕರಾರು ಜಾರಿ ಎಂಬ ಷರತ್ತು ಫಿಫಾ ನಿಯಮದಂತೆ ಸಲ್ಲದು; ಅವೆರಡೂ ಸಹಿಗೆ ಮೊದಲು ಮುಗಿಯಬೇಕು. ಕ್ಲಬ್ ಒಬ್ಬರೇ ಇಷ್ಟಪಟ್ಟರೆ ಎರಡು ವರ್ಷ ಮುಂದುವರಿಸಬಹುದು ಎಂಬ ಆಯ್ಕೆ ಇದ್ದರೆ, ಆ ವರ್ಷಗಳ ಸಂಬಳ ಎಷ್ಟು ಏರುತ್ತದೆ ಎಂದು ಅಂಕಿಯಲ್ಲೇ ಬರೆಸಿ. ಸಂಬಳ ತೆರಿಗೆ ಕಳೆದದ್ದೇ, ಕಳೆಯದ್ದೇ ಎಂಬುದನ್ನೂ ಬರೆಸಿ. ಸ್ಪೇನಿನ ಕರಾರುಗಳಲ್ಲಿ ಸಾಮಾನ್ಯವಾಗಿ ಬಿಡುಗಡೆ ಮೊತ್ತ (ಅವಧಿಗೆ ಮೊದಲೇ ಕ್ಲಬ್ ಬಿಡಲು ತೆರಬೇಕಾದ ಹಣ) ಇರುತ್ತದೆ. ಹೊಸಬನಿಗೆ ಆಕಾಶದೆತ್ತರದ ಮೊತ್ತ ಹಾಕುವುದು ಗೌರವವಲ್ಲ, ಬೀಗ. ಎರಡು ತಿಂಗಳ ಸಂಬಳ ಬಾಕಿಯಾದರೆ ಲಿಖಿತವಾಗಿ 15 ದಿನ ಗಡುವು ಕೊಟ್ಟು ಕರಾರು ಮುರಿಯುವ ಹಕ್ಕು ಆಟಗಾರನಿಗಿದೆ. ಸಣ್ಣ ಲೀಗ್‌ಗಳಲ್ಲಿ ಇದು ಆಗುವಂಥದ್ದೇ, ಹಾಗಾಗಿ ಸಂಬಳ ಬಂದ ಬ್ಯಾಂಕ್ ದಾಖಲೆಗಳನ್ನು ಜೋಪಾನ ಮಾಡಿ.

ದಾಖಲೆ ಎಂದಾಗ ನಮ್ಮ ಕಡೆಯ ವಿಶೇಷ ತೊಂದರೆ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ. ಆರ್.’ ಎಂದು ಎರಡಕ್ಷರ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜನನ ಪ್ರಮಾಣಪತ್ರದಲ್ಲಿ ಹುಡುಗನ ಹೆಸರೇ ಇಲ್ಲ. ಇವು ಮೂರೂ, ಜೊತೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ (ಆಟಗಾರರ ಕೇಂದ್ರೀಕೃತ ನೋಂದಣಿ ವ್ಯವಸ್ಥೆ) ನೋಂದಣಿ, ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹುಟ್ಟಿ ಬಹಳ ವರ್ಷದ ಮೇಲೆ ನೋಂದಾಯಿಸಿದ ಜನನ ಪ್ರಮಾಣಪತ್ರ ವಯಸ್ಸಿನ ಬಗ್ಗೆ ಅನುಮಾನ ಹುಟ್ಟಿಸುತ್ತದೆ. ಆಸ್ಪತ್ರೆಯ ದಾಖಲೆ ಇದ್ದರೆ ತೆಗೆದಿಡಿ. ಸ್ಪೇನಿಗಾದರೆ ದಾಖಲೆ ಅಸಲಿ ಎಂದು ದೃಢೀಕರಿಸುವ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆಯೂ ಅಧಿಕೃತ ಅನುವಾದವೂ ಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ, 17ಕ್ಕೇ ಶುರುಮಾಡಿ. ಸಿಆರ್‌ಎಸ್‌ನಲ್ಲಿ ಪ್ರತಿ ಸೀಸನ್ ಅವನ ಹೆಸರು ಸರಿಯಾದ ಕ್ಲಬ್ಬಿನಲ್ಲಿದೆಯೇ ನೋಡಿ. ನೋಂದಣಿ ಇಲ್ಲದ ಕೋಚಿಂಗ್ ಕೇಂದ್ರದಲ್ಲಿ ಕಳೆದ ವರ್ಷ ಅವನ ಫುಟ್‌ಬಾಲ್ ಇತಿಹಾಸದಲ್ಲಿ ಖಾಲಿ ಉಳಿಯುತ್ತದೆ.

ಕೊನೆಗೆ ನಿಮ್ಮ ಏಜೆಂಟರು. ಫಿಫಾ ಪರವಾನಗಿ ಪಡೆದವರ ಪಟ್ಟಿ ಸಾರ್ವಜನಿಕವಾಗಿದೆ, ಹೆಸರು ಹುಡುಕಿ. ಅಪ್ರಾಪ್ತ ಆಟಗಾರನನ್ನು ಪ್ರತಿನಿಧಿಸಲು ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಹುಡುಗ ಆಡಲಿರುವ ದೇಶದಲ್ಲಿ ಮೊದಲ ವೃತ್ತಿಪರ ಕರಾರು ಮಾಡಬಹುದಾದ ವಯಸ್ಸಿಗೆ ಆರು ತಿಂಗಳು ಇರುವಾಗ ಮಾತ್ರ ಅವರು ಸಂಪರ್ಕಿಸಬಹುದು. ಪ್ರಾತಿನಿಧ್ಯದ ಒಪ್ಪಂದ ಎರಡು ವರ್ಷ ದಾಟುವಂತಿಲ್ಲ. ವೃತ್ತಿಪರ ಕರಾರು ಆಗದೆ ಅಪ್ರಾಪ್ತನಿಂದ ಶುಲ್ಕ ಪಡೆಯುವಂತಿಲ್ಲ. ಅಕಾಡೆಮಿಯಿಂದ ಕಮಿಷನ್ ಪಡೆದು ಸೀಟು ತುಂಬಿಸುವವರು ಏಜೆಂಟರಲ್ಲ, ಮಾರಾಟ ಪ್ರತಿನಿಧಿಗಳು.

ಅವರಿಗೆ ಈ ವಾರವೇ ಇಮೇಲ್‌ನಲ್ಲಿ ನಾಲ್ಕು ಪ್ರಶ್ನೆ ಕಳಿಸಿ. ಮಗ ಯಾವ ಕ್ಲಬ್ಬಿನ ಹೆಸರಲ್ಲಿ, 19ನೇ ವಿಧಿಯ ಯಾವ ವಿನಾಯಿತಿಯಡಿ ಸ್ಪೇನಿನ ಫೆಡರೇಷನ್ನಿನಲ್ಲಿ ನೋಂದಣಿಯಾಗುತ್ತಾನೆ? ವೀಸಾ ಯಾವ ಬಗೆಯದು, ಶಾಲೆ ಯಾವುದು? ಕಳೆದ ಮೂರು ವರ್ಷದಲ್ಲಿ ಹೋದ ಭಾರತೀಯ ಹುಡುಗರಲ್ಲಿ ಎಷ್ಟು ಮಂದಿ ಈಗ ಅಲ್ಲಿನ ಲೀಗ್‌ನಲ್ಲಿ ನೋಂದಾಯಿತರು, ಅವರ ಹೆತ್ತವರೊಬ್ಬರೊಂದಿಗೆ ಮಾತಾಡಬಹುದೇ? ವೀಸಾ ತಿರಸ್ಕೃತವಾದರೆ, ಗಾಯವಾಗಿ ಮಧ್ಯದಲ್ಲಿ ವಾಪಸಾದರೆ ಎಷ್ಟು ಹಣ ಮರಳುತ್ತದೆ? ಫೋನಿನಲ್ಲಿ ಹೇಳುತ್ತೇವೆ ಎಂದರೆ ಒಪ್ಪಬೇಡಿ, ಬರಹದಲ್ಲೇ ಬರಲಿ. ಮೊದಲ ಪ್ರಶ್ನೆಗೆ ವಿಧಿಯ ಉಪಖಂಡ ಹೆಸರಿಸಿ ಉತ್ತರ ಬರದಿದ್ದರೆ ಮುಂಗಡ ಕೊಡಬೇಡಿ, ಮಗನ ಪಾಸ್‌ಪೋರ್ಟನ್ನೂ ಅವರ ಕೈಗೆ ಕೊಡಬೇಡಿ.